ಯುದ್ಧವಿಮಾನದ ಎಡಗಾಲು

ಪರೀಕ್ಷೆ ಮಾಡದೆ ಯಾವ ವಸ್ತುವನ್ನೂ ನಾನು ಮನೆಯೊಳಗೆ ಬಿಟ್ಟುಕೊಂಡವನಲ್ಲ. ಇದನ್ನು ನಮ್ಮ ಮನೆಯವರು ಕಾಯಿಲೆ ಅನ್ನುತ್ತಾರೆ, ನಾನು ಶಿಸ್ತು ಅನ್ನುತ್ತೇನೆ. ಹಿಂದೆಲ್ಲ ಬಲ್ಬು ಕೊಳ್ಳಲು ಹೋದರೆ ಅಂಗಡಿಯವನೇ ಅದನ್ನು ಡಬ್ಬಿಯಿಂದ ತೆಗೆದು, ಗಲ್ಲಾಪೆಟ್ಟಿಗೆಯ ಪಕ್ಕದ ಹೋಲ್ಡರಿಗೆ ಸಿಕ್ಕಿಸಿ, ಉರಿಸಿ ತೋರಿಸಿ ಆಮೇಲೆ ಕೈಗೆ ಕೊಡುತ್ತಿದ್ದ. ನಾನು ಆ ಕಾಲದವನು. ಈಗ ಎಲ್ಲವೂ ಮೈತುಂಬ ಟೇಪು ಸುತ್ತಿಕೊಂಡು ಬಾಗಿಲಿಗೇ ಬರುತ್ತವೆ. ಒಳಗೇನಿದೆ ಅನ್ನುವುದು ಕಳಿಸಿದವನಿಗೂ ಗೊತ್ತಿಲ್ಲ, ತಂದವನಿಗೂ ಗೊತ್ತಿಲ್ಲ. ಜಯನಗರದ ಮಾರ್ಕೆಟ್ಟಿನಲ್ಲಿ ನಾನು ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವಾಗ ಹಿಂದೆ ನಿಂತವರು ನಿಟ್ಟುಸಿರು ಬಿಡುತ್ತಾರೆ. ಬಿಡಲಿ. ಹಬ್ಬದ ದಿನ ಕಾಯಿ ಒಡೆದಾಗ ಯಾರ ಮುಖ ಹೇಗಿರುತ್ತದೆ ಅನ್ನುವುದು ನನಗೆ ಗೊತ್ತು.

ಮೂವತ್ತನಾಲ್ಕು ವರ್ಷ ನಾನು ಒಂದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದೆ. ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕುವುದಕ್ಕೆ ಅಲ್ಲಿ ಸಂಬಳ ಕೊಡುತ್ತಿದ್ದರು. ನಿವೃತ್ತನಾದ ಮೇಲೆ ಅದೇ ಕೆಲಸವನ್ನು ಪುಕ್ಕಟೆಯಾಗಿ ಮುಂದುವರಿಸಿದ್ದೇನೆ. ಚಿಕ್ಕಲಸಂದ್ರದ ನಮ್ಮ ರಸ್ತೆಯಲ್ಲಿ ಯಾರ ಮನೆಗೆ ಹೊಸ ಕುಕ್ಕರು ಬಂದರೂ ಮೊದಲ ಸೀಟಿ ಹೊಡೆಸುವವನು ನಾನು. ಅಳಿಯನನ್ನೂ ನಾನೇ ಪಾಸು ಮಾಡಿದ್ದು. ಹೆಣ್ಣು ನೋಡಲು ಬಂದಿದ್ದಾಗ ಹತ್ತು ನಿಮಿಷ ಮಾತಾಡಿಸಿ ಒಳಗೆ ಹೋಗಿ ನನ್ನ ಹೆಂಡತಿ ಸರೋಜಳಿಗೆ, “ಮಾಲು ಚೆನ್ನಾಗಿದೆ, ತಗೋಬಹುದು” ಅಂದಿದ್ದೆ. ಹತ್ತು ವರ್ಷವಾಯಿತು, ಒಂದು ದಿನ ರಿಪೇರಿಗೆ ಬಂದಿಲ್ಲ. ಸದ್ದು ಸ್ವಲ್ಪ ಜಾಸ್ತಿ, ಅದೂ ಸಾರನ್ನ ಉಣ್ಣುವಾಗ ಮಾತ್ರ. ಮಗಳು, ಅಳಿಯ, ಮೊಮ್ಮಗಳು ಸಿರಿ ನಮ್ಮ ಮನೆಯ ಮಹಡಿಯ ಮೇಲೇ ಇದ್ದಾರೆ, ಹಾಗಾಗಿ ನನ್ನ ತಪಾಸಣೆ ಎರಡೂ ಅಂತಸ್ತಿಗೆ ಅನ್ವಯಿಸುತ್ತದೆ.

ಈ ಸಲದ ಆಯುಧಪೂಜೆಯ ಬೆಳಿಗ್ಗೆ ಸಿರಿ ಒಂದು ಡಬ್ಬಿ ಹಿಡಿದುಕೊಂಡು ಕೆಳಗೆ ಬಂದಳು. ಅಜ್ಜಿಗೆ ತೋರಿಸಲು ತಂದಿದ್ದಳು, ನನಗಲ್ಲ. ಒಳಗೆ ಒಂದು ರೋಬೋ ಇತ್ತು. ಕೈಕಾಲು ಮಡಿಸಿ, ತಲೆಯನ್ನು ಎದೆಯೊಳಗೆ ಇಳಿಸಿದರೆ ಯುದ್ಧವಿಮಾನವಾಗುತ್ತದಂತೆ. ಅವಳ ಗೆಳತಿ ಮನಸ್ವಿಯ ಹುಟ್ಟುಹಬ್ಬ ಅವತ್ತೇ ಸಾಯಂಕಾಲ ಐದಕ್ಕೆ. ಇದರಲ್ಲೊಂದು ರಾಜಕೀಯವಿತ್ತು. ಇಂಜೆಕ್ಷನ್ ಚುಚ್ಚಿಸಿಕೊಳ್ಳುವಾಗ ಮನಸ್ವಿ ಅತ್ತದ್ದನ್ನು ನಮ್ಮ ಸಿರಿ ಸ್ಕೂಲ್ ವ್ಯಾನಿನಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದಳು. ಅಲ್ಲಿಂದ ಹನ್ನೊಂದು ದಿನ ಮಾತಿಲ್ಲ. ಕರೆದದ್ದೂ ಮನಸ್ವಿಯಲ್ಲ, ಅವಳ ಅಮ್ಮ. ಆ ಹುಡುಗಿ ಯಾವತ್ತೋ ಇಂಥದೇ ರೋಬೋ ಬೇಕು ಅಂದದ್ದು ಸಿರಿಗೆ ನೆನಪಿತ್ತು. “ಇದು ಕೊಟ್ರೆ ಅವ್ಳು ಮಾತಾಡೇ ಆಡ್ತಾಳೆ ತಾತ” ಅಂದಳು. ಏಳು ವರ್ಷದವಳಿಗೆ ಹನ್ನೊಂದು ದಿನ ಅಂದರೆ ಸಣ್ಣ ಶಿಕ್ಷೆಯಲ್ಲ. ಊಟ ಬಿಡುವ ಮಟ್ಟಕ್ಕೆ ಹೋಗಿರಲಿಲ್ಲ, ಆದರೆ ತಿನ್ನುವಾಗ ಮಾತು ಬಿಟ್ಟಿದ್ದಳು.

ಇಷ್ಟು ದೊಡ್ಡ ಜವಾಬ್ದಾರಿ ಹೊತ್ತ ವಸ್ತುವನ್ನು ಪರೀಕ್ಷಿಸದೆ ಕಳಿಸುವುದು ಹೇಗೆ, ನೀವೇ ಹೇಳಿ. “ಅಲ್ಲಿ ತೆಗೆದಾಗ ಕೈ ಮುರಿದಿದ್ರೆ ಏನು ಮಾಡ್ತೀಯ? ಎಲ್ಲರ ಎದುರಿಗೆ ಮರ್ಯಾದೆ ಹೋಗಲ್ವಾ?” ಅಂತ ಕೇಳಿದೆ. ಸಿರಿ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಯೋಚಿಸಿದಳು.

“ವಾಪಸ್ ಹಿಂಗೇ ಇಡ್ತೀಯಾ?”

“ಹಿಂಗೇ ಇಡ್ತೀನಿ.”

“ಪ್ರಾಮಿಸ್?”

“ಪ್ರಾಮಿಸ್ ಕಣಮ್ಮ. ನಿಮ್ಮ ತಾತ ಎಂಥೆಂಥ ಮಿಷೀನು ನೋಡಿದಾನೆ.”

ಅವಳು ಮೇಲೆ ಹೋದಳು. ನಾನು ಕನ್ನಡಕ ಒರೆಸಿಕೊಂಡು ಕುಳಿತೆ. ಮೊದಲು ಹೊರನೋಟ: ಬಣ್ಣ ಸಮನಾಗಿದೆ, ಅಂಚುಗಳು ಕೈಗೆ ಚುಚ್ಚುವುದಿಲ್ಲ, ಮುಖದಲ್ಲಿ ಮಾತ್ರ ಸ್ವಲ್ಪ ಸೊಕ್ಕು. ಕೀಲುಗಳು ಬಿಗಿ. ಒಟ್ಟಿನಲ್ಲಿ ಒಳ್ಳೆಯ ಕೆಲಸ ಅಂತಲೇ ಹೇಳಬೇಕು. ಜೊತೆಗೊಂದು ಹಾಳೆ ಇತ್ತು, ಅದರಲ್ಲಿ ಒಂದಕ್ಷರವಿಲ್ಲ, ಬರೀ ಇಪ್ಪತ್ತಾರು ಚಿತ್ರ, ಬಾಣದ ಗುರುತು. ಏಳನೆಯ ಚಿತ್ರಕ್ಕೂ ಎಂಟನೆಯದಕ್ಕೂ ನಡುವೆ ಸೊಂಟ ಪೂರ್ತಿ ತಿರುಗಿಬಿಟ್ಟಿತ್ತು; ಹೇಗೆ ತಿರುಗಿತು ಅನ್ನುವುದನ್ನು ಬರೆದವನು ಓದುಗರ ಊಹೆಗೆ ಬಿಟ್ಟಿದ್ದ. ನಾನು ಊಹಿಸಿದೆ. ಒಂದು ಗಂಟೆಯಲ್ಲಿ ಭುಜಗಳು ರೆಕ್ಕೆಯಾದವು, ಕಾಲುಗಳು ಬಾಲದೊಳಗೆ ಅಡಗಿದವು, ಸೊಕ್ಕಿನ ಮುಖ ಎದೆಯೊಳಗೆ ಇಳಿಯಿತು. ಮೇಜಿನ ಮೇಲೆ ಮೂರು ಚಕ್ರದ ಮೇಲೆ ನಿಂತಿತು ನೋಡಿ ವಿಮಾನ! ಮಗಳು ಹುಟ್ಟಿದ ದಿನ ಬಿಟ್ಟರೆ ಇಷ್ಟು ಬೀಗಿದ ನೆನಪು ನನಗಿಲ್ಲ. ಅಷ್ಟರಲ್ಲಿ ಸರೋಜ ದೇವರ ಮನೆಯಿಂದ, “ರೀ, ಪೂಜೆ ಹೊತ್ತಾಯ್ತು, ಸ್ನಾನ ಮಾಡ್ಕೊಂಡು ಬರ್ತೀರೋ ಇಲ್ವೋ?” ಅಂತ ಕೂಗಿದಳು. ಅರ್ಧ ಪರೀಕ್ಷೆ ಮುಗಿದಿದೆ, ಇನ್ನರ್ಧ ಆಮೇಲೆ ಅಂತ ಎದ್ದುಹೋದೆ.

ಸ್ನಾನ ಮುಗಿಸಿ ಬಂದು ನೋಡುತ್ತೇನೆ, ನಡುಮನೆಯಲ್ಲಿ ಮಣೆಯ ಮೇಲೆ ಸಾಲಾಗಿ ಮಿಕ್ಸಿ, ಹೊಲಿಗೆ ಯಂತ್ರ, ಈಳಿಗೆಮಣೆ, ಅಳಿಯನ ಲ್ಯಾಪ್‌ಟಾಪು, ಸ್ಕೂಟರಿನ ಬೀಗದಕೈ. ಸಾಲಿನ ಕೊನೆಯಲ್ಲಿ ಯುದ್ಧವಿಮಾನ! ಮೂತಿಗೆ ಅರಿಶಿನ ಕುಂಕುಮ, ಎರಡೂ ರೆಕ್ಕೆಗೆ, ಬಾಲಕ್ಕೆ ಕಲೆಸಿದ ಕುಂಕುಮದ ಬೊಟ್ಟು, ಬೆನ್ನಿನ ಮೇಲೆ ಸೇವಂತಿಗೆ, ಮುಂದಿನ ಚಕ್ರದ ಕೆಳಗೆ ಒಂದು ನಿಂಬೆಹಣ್ಣು. ನಿಂಬೆಹಣ್ಣು ವಿಮಾನಕ್ಕಿಂತ ದಪ್ಪವಾಗಿದ್ದರಿಂದ ಅದು ಆಗಲೇ ಹಾರಲು ಹೊರಟ ಹಾಗೆ ಮೂತಿ ಎತ್ತಿಕೊಂಡು ನಿಂತಿತ್ತು. “ಏನೇ ಇದು?” ಅಂದೆ. “ವಿಮಾನಾನೂ ವಾಹನ ತಾನೇ? ಅದೂ ಹೊಸಾದು. ಮನೇಲಿಟ್ಕೊಂಡು ಪೂಜೆ ಮಾಡ್ದೇ ಇರೋದಕ್ಕಾಗುತ್ತಾ?” ಅಂದಳು. ರೋಬೋ ಆಗಿದ್ದರೆ ದಸರೆ ಗೊಂಬೆಗಳ ಜೊತೆ ಸುಮ್ಮನೆ ಮೇಲೆ ಕೂರುತ್ತಿತ್ತೇನೋ. ವಿಮಾನ ಮಾಡಿ ಮೇಜಿನ ಮೇಲೆ ಇಟ್ಟವನು ನಾನೇ ಆದ್ದರಿಂದ ಕೈಮುಗಿದು ಮಂಗಳಾರತಿ ತಗೊಂಡೆ.

ಊಟದಲ್ಲಿ ಹೋಳಿಗೆ ಇತ್ತು. ಹೋಳಿಗೆ ಇದ್ದ ದಿನ ನಾನು ಊಟವಾದ ಮೇಲೆ ಒಂದು ತಾಸು ಮಲಗದೆ ಇದ್ದ ಉದಾಹರಣೆ ಇಲ್ಲ. ಎದ್ದಾಗ ಮೂರು ಗಂಟೆ. ಬಿಚ್ಚುವುದೇನು, ಮಡಿಸಿದ್ದನ್ನು ಹಿಂದುಮುಂದಾಗಿ ಮಾಡಿದರಾಯಿತು ಅನ್ನುವ ಧೈರ್ಯದಲ್ಲಿ ಕುಳಿತೆ. ತಲೆ ಬಂತು, ಕೈಗಳು ಬಂದವು, ಬಲಗಾಲು ಕೂಡ ಬಂತು. ಎಡಗಾಲು ಮಾತ್ರ ಬಾಲದೊಳಗೇ ಉಳಿಯಿತು. ಕಲೆಸಿದ ಕುಂಕುಮ ಕೀಲಿನೊಳಗೆ ಇಳಿದು ಒಣಗಿ ಕೂತಿದೆ! ಸಣ್ಣ ಸ್ಕ್ರೂಡ್ರೈವರ್ ತುದಿಯಿಂದ ಕೆರೆದರೆ ಎರಡು ನಿಮಿಷದ ಕೆಲಸ. ಆದರೆ ನನ್ನ ಸ್ಕ್ರೂಡ್ರೈವರ್ ಡಬ್ಬಿಯೂ ಮಣೆಯ ಮೇಲೆ ಹೂವು ಮುಡಿದುಕೊಂಡು ಕೂತಿತ್ತು.

“ಸರೋಜಾ, ಒಂದೇ ಒಂದು ಸ್ಕ್ರೂಡ್ರೈವರ್ ತಗೋತೀನಿ ಕಣೆ.”

“ಪೂಜೆಗಿಟ್ಟಿರೋ ಆಯುಧಾನ ಇವತ್ತು ಮುಟ್ಟಂಗಿಲ್ಲ. ನಾಳೆ ತಗೊಳ್ಳಿ.”

“ವಿಮಾನ ಮುಟ್ಟಬಹುದಂತೆ, ಇದನ್ನ ಮುಟ್ಟಬಾರದಾ?”

“ವಿಮಾನ ಬೇರೆಯವ್ರದ್ದು. ಸ್ಕ್ರೂಡ್ರೈವರ್ ನಮ್ದು.”

ಈ ತರ್ಕದ ಎದುರು ನನ್ನ ಮೂವತ್ತನಾಲ್ಕು ವರ್ಷದ ಅನುಭವ ನಿಲ್ಲಲಿಲ್ಲ. ಅವಳ ಹೇರ್‌ಪಿನ್ ತಗೊಂಡೆ, ಬಗ್ಗಿತು. ಬಾಚಣಿಗೆಯ ಹಲ್ಲು ತಗೊಂಡೆ, ಮುರಿಯಿತು. ಮುರಿದ ಹಲ್ಲೂ ಒಳಗೇ ಉಳಿಯಿತು. ನಾಲ್ಕೂವರೆಗೆ ಸಿರಿ ಜರಿಲಂಗ ಹಾಕಿಕೊಂಡು, ಹೊಳೆಯುವ ಕಾಗದ ಹಿಡಿದುಕೊಂಡು ಬಂದಾಗ ರೋಬೋ ಒಂಟಿಕಾಲಲ್ಲಿ, ಬೆನ್ನಿಗೆ ಅರ್ಧ ಬಾಲ ಅಂಟಿಸಿಕೊಂಡು, ಎರಡೂ ಭುಜಕ್ಕೆ ಕುಂಕುಮ ಇಟ್ಟುಕೊಂಡು ಗೋಡೆಗೆ ಒರಗಿತ್ತು. ಅಂಗೈಯೆಲ್ಲ ಕೆಂಪಾಗಿದ್ದ ನಾನು ಅದರ ಪಕ್ಕದಲ್ಲಿದ್ದೆ.

ಇಂಥ ಕಡೆ ಮಕ್ಕಳು ಬಂದು ಎರಡು ಬೆರಳಲ್ಲಿ ಸರಿ ಮಾಡಿ, ದೊಡ್ಡವರು ಪೆಚ್ಚಾಗುವುದು ವಾಡಿಕೆ. ದಾಖಲೆಗಾಗಿ ಹೇಳುತ್ತೇನೆ: ಸಿರಿಯೂ ತಿರುಗಿಸಿ ನೋಡಿದಳು, ಅವಳಿಂದಲೂ ಆಗಲಿಲ್ಲ. ಆದರೆ ಆಗ ಆ ಸಮಾಧಾನ ನನ್ನ ಕೈ ಹಿಡಿಯಲಿಲ್ಲ. ಅವಳು ಗಲಾಟೆ ಮಾಡಿದ್ದರೆ ಎಷ್ಟೋ ವಾಸಿಯಿತ್ತು. ತುಟಿ ಕಚ್ಚಿಕೊಂಡು, “ಇನ್ನ ಅವ್ಳು ಯಾವತ್ತೂ ಮಾತಾಡಲ್ಲ ತಾತ” ಅಂದಳು, ಅಷ್ಟೇ. ಕಾರ್ಖಾನೆಯಲ್ಲಿ ಎಷ್ಟೋ ಜನರ ಕೆಲಸವನ್ನು ನಿರ್ದಯವಾಗಿ ಪಕ್ಕಕ್ಕೆ ಎಸೆದಿದ್ದೇನೆ, ಯಾರ ಮುಖವೂ ನನ್ನನ್ನು ಹೀಗೆ ಕಾಡಿರಲಿಲ್ಲ. “ನಾನೇ ಬಂದು ಅವಳಿಗೆ ವಿಷಯ ತಿಳಿಸಿ ಹೇಳ್ತೀನಿ” ಅಂದೆ. “ನೀನು ಬರ್ಬೇಡ” ಅಂದಳು. ಡಬ್ಬಿಯೊಳಗೆ ಆ ಒಂಟಿಕಾಲಿನ ರೋಬೋ ಕೂರಲಿಲ್ಲ. ಹೊಳೆಯುವ ಕಾಗದವನ್ನೇ ಹೇಗೋ ಸುತ್ತಿ, ಅಪ್ಪನ ಸ್ಕೂಟರ್ ಹತ್ತಿ ಹೋದಳು. ಪೂಜೆಗಿಟ್ಟಿದ್ದ ಬೀಗದಕೈಯನ್ನು ಸರೋಜ ಅವನಿಗೆ ತಾನೇ ತೆಗೆದುಕೊಟ್ಟಳು. ಅಳಿಯ ಅಂದರೆ ಹಾಗೆ.

ಅಲ್ಲಿಂದ ಎರಡೂವರೆ ಗಂಟೆ ಗೇಟಿನ ಹತ್ತಿರವೇ ಓಡಾಡಿದೆ. ಎದುರುಮನೆಯವರು, “ಏನ್ ಸಾರ್, ಗೇಟು ಚೆಕ್ ಮಾಡ್ತಿದೀರಾ?” ಅಂತ ಕೇಳಿದರು. ಹೌದು ಅಂದೆ. ನಾಳೆ ಬೆಳಿಗ್ಗೆ ಮೊದಲ ಕೆಲಸ ಇನ್ನೊಂದು ರೋಬೋ ತರಿಸಿ, ಡಬ್ಬಿಯನ್ನು ಕೈಯಿಂದಲೂ ಮುಟ್ಟದೆ ಆ ಹುಡುಗಿಯ ಮನೆಗೆ ಮುಟ್ಟಿಸಬೇಕು ಅಂತ ತೀರ್ಮಾನ ಮಾಡಿಕೊಂಡಿದ್ದೆ.

ಏಳಕ್ಕೆ ಸಿರಿ ಬಂದಳು. ಕೈಯಲ್ಲಿ ಕಾಗದದ ತಟ್ಟೆ, ತಟ್ಟೆಯಲ್ಲಿ ಕೇಕು, ಮುಖದ ತುಂಬ ನಗು. ನನಗೆ ಏನೂ ಅರ್ಥವಾಗಲಿಲ್ಲ. ನಿಧಾನವಾಗಿ ಕೇಳಿದಾಗ ಹೇಳಿದಳು. ಮನಸ್ವಿ ಕಾಗದ ಬಿಚ್ಚಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳಂತೆ. ಆಮೇಲೆ ಹನ್ನೊಂದು ದಿನದಲ್ಲಿ ಮೊದಲ ಸಲ ಬಾಯಿ ಬಿಟ್ಟು, “ಯಾರೇ ಇದನ್ನ ಹಿಂಗ್ ಮಾಡಿದ್ದು?” ಅಂದಳಂತೆ.

“ನೀನೇನು ಹೇಳ್ದೆ?”

“ನಮ್ಮ ತಾತ ಅಂದೆ. ಚೆಕ್ ಮಾಡ್ತೀನಿ ಅಂತ ಹಾಳ್ಮಾಡ್ಬಿಟ್ರು ಅಂದೆ. ಅದಕ್ಕೆ ಅವ್ಳು, ನಮ್ಮ ತಾತಾನೂ ಹಿಂಗೇ ಕಣೇ, ನನ್ನ ಸೈಕಲ್ ಬೆಲ್ ಬಿಚ್ಚಿಟ್ಟು ಎರಡು ತಿಂಗ್ಳಾಯ್ತು ಅಂದ್ಳು. ಆಮೇಲೆ ನಾವಿಬ್ರೂ ಸೋಫಾದಲ್ಲಿ ಕೂತ್ಕೊಂಡು ನೀನು ಮಾಡಿದ್ದೆಲ್ಲ, ಅವರ ತಾತ ಮಾಡಿದ್ದೆಲ್ಲ ಹೇಳ್ಕೊಂಡು ನಕ್ಕಿದ್ದೇ ನಕ್ಕಿದ್ದು. ಕೇಕ್ ಕಟ್ ಮಾಡೋಕೆ ಕರೆದ್ರೂ ಹೋಗ್ಲಿಲ್ಲ.”

ರೋಬೋ ಮಾಡಬೇಕಾಗಿದ್ದ ಕೆಲಸವನ್ನು ನನ್ನ ಮೇಲಿನ ದೂರು ಮಾಡಿ ಮುಗಿಸಿತ್ತು. ಮೊದಲು ಸ್ವಲ್ಪ ಚುರುಕ್ ಅಂದಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಲೆಕ್ಕ ಹಾಕಿ ನೋಡಿದರೆ, ಡಬ್ಬಿಯನ್ನು ನಾನು ಮುಟ್ಟದೆ ಬಿಟ್ಟಿದ್ದರೆ ಆ ಹುಡುಗಿ ಥ್ಯಾಂಕ್ಸ್ ಅಂದು ಪಕ್ಕಕ್ಕಿಟ್ಟು ಸುಮ್ಮನಾಗುತ್ತಿದ್ದಳೇನೋ. ಎರಡು ಮಕ್ಕಳನ್ನು ಒಂದು ಮಾಡಿದ್ದು ನನ್ನ ತಪಾಸಣೆಯೇ ಅಂತ ಸರೋಜಳಿಗೆ ವಿವರಿಸಿದೆ. ಅವಳು ಕೇಕು ತಿನ್ನುತ್ತ “ಹೂಂ” ಅಂದಳು. ಎದೆ ಹಗುರಾಯಿತು.

“ಹಾಗಾದ್ರೆ ರೋಬೋ ಜೊತೆ ಚೆನ್ನಾಗಿ ಆಡಿದ್ರಿ ಅನ್ನು” ಅಂದೆ ಸಿರಿಗೆ.

“ಎಲ್ಲಿ ಆಡೋದು ತಾತ? ಅವರ ತಾತ ಇಸ್ಕೊಂಡ್ಬಿಟ್ರು. ಎಡಗಾಲು ಸರಿ ಮಾಡ್ಕೊಡ್ತೀನಿ ಅಂತ ರೂಮಿಗೆ ತಗೊಂಡು ಹೋಗಿ ಬಾಗಿಲು ಹಾಕ್ಕೊಂಡ್ರು.”

ನನಗೆ ರೇಗಿಹೋಯಿತು. ಮಕ್ಕಳ ಆಟದ ಸಾಮಾನನ್ನು ಮಕ್ಕಳಿಗೆ ಬಿಡದೆ ಅದಕ್ಕೂ ಕೈ ಹಾಕುವ ಮುದುಕರನ್ನು ಕಂಡರೆ ನನಗೆ ಆಗುವುದಿಲ್ಲ.