ಎರಡು ಚುಕ್ಕಿಯ ಗಂಡ

ನಮ್ಮ ಮನೆಯವರಿಗೆ ಕುಡಿತ ಇಲ್ಲ. ಇಸ್ಪೀಟು ಇಲ್ಲ. ಬೀಡಿ, ನಶ್ಯ, ಎಲೆಅಡಿಕೆ ಯಾವುದೂ ಇಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಕುಡುಕನ ಹೆಂಡತಿ ಬೀದಿಯಲ್ಲಿ ನಡೆದು ಹೋದರೆ ಜನ "ಪಾಪ" ಅಂತಾರೆ. ಇಸ್ಪೀಟಿನವನ ಹೆಂಡತಿಗೆ ಅಕ್ಕಪಕ್ಕದವರು ಒಂದು ಸೇರು ರಾಗಿಯನ್ನಾದರೂ ಕೊಡ್ತಾರೆ. ಇಂಗ್ಲಿಷಿನ ಎರಡು ಚುಕ್ಕಿಯ ಹುಚ್ಚು ಹಿಡಿದವನ ಹೆಂಡತಿಗೆ ಯಾರು ಏನು ಕೊಡ್ತಾರೆ? ನಗ್ತಾರೆ. ಅಷ್ಟೇ.

ಇವರ ಹೆಸರು ನಾನು ಹೇಳೋದಿಲ್ಲ. ಗಂಡನ ಹೆಸರು ಬಾಯಲ್ಲಿ ಬರಬಾರದು ಅಂತ ಅವ್ವ ಹೇಳಿಕೊಟ್ಟಿದ್ದು ಒಂದು ಕಾರಣ. ಹೇಳಿದರೆ ಚಳ್ಳಕೆರೆಯ ಅರ್ಧ ಜನ "ಓ, ಆ ಚುಕ್ಕಿ ಮೇಷ್ಟ್ರಾ!" ಅಂತ ಹಲ್ಲು ಬಿಡ್ತಾರೆ ಅನ್ನೋದು ಇನ್ನೊಂದು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದು ರಿಟೈರ್ ಆದವರು. ಸರ್ಕಾರ ಇವರನ್ನು ಬಿಟ್ಟಿತು, ಇವರು ಕೆಂಪು ಪೆನ್ನನ್ನು ಬಿಡಲಿಲ್ಲ. ಸ್ನಾನಕ್ಕೆ ಹೋಗುವಾಗ ಜನಿವಾರದವರು ಜನಿವಾರ ತೆಗೆಯೋದಿಲ್ಲವಂತೆ. ಇವರು ಪೆನ್ನು ತೆಗೆದಿಡೋದು ಆಗ ಮಾತ್ರ, ಅದೂ ಶಾಯಿ ಕರಗೀತು ಅನ್ನೋ ಭಯಕ್ಕೆ!

ಯಾವ ಚುಕ್ಕಿ ಅಂತ ಕೇಳ್ತೀರಾ? ಒಂದರ ತಲೆ ಮೇಲೆ ಒಂದು ಕೂತಿರ್ತವಲ್ಲ, ಅದಕ್ಕೆ ಕೋಲನ್ ಅಂತಾರೆ. ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ಕೊಂಡ್ಲಹಳ್ಳಿಯಲ್ಲಿ, ಅದೂ ಎಮ್ಮೆ ಕಾಯೋ ಕೆಲಸ ಇಲ್ಲದ ದಿವಸ. ಇಂಗ್ಲಿಷು ನನಗೆ ಬರೋದಿಲ್ಲ. ಆದರೆ ಕೋಲನ್ ಬರ್ತದೆ! ಮದುವೆಯಾದಾಗಿಂದ ಅನ್ನ ನಾನು ಬಡಿಸಿದೀನಿ, ಕೋಲನ್ ಇವರು ಬಡಿಸಿದಾರೆ.

ಇವರ ಪ್ರಕಾರ ಚುಕ್ಕಿಗೆ ಮುಂಚಿನ ಮಾತು ತನ್ನ ಎರಡು ಕಾಲ ಮೇಲೆ ತಾನು ನಿಲ್ಲಬೇಕು. 'ಐ ಬಾಟ್ ತ್ರೀ ಥಿಂಗ್ಸ್', ಮೂರು ಸಾಮಾನು ತಂದೆ. ಮಾತು ನಿಂತಿತು. ಈಗ ಚುಕ್ಕಿ ಇಡು. ಆಮೇಲೆ ಈರುಳ್ಳಿ, ಬೆಲ್ಲ, ಕಾಯಿ, ಏನು ಬೇಕಾದರೂ ಸುರಿ. ಅದು ಬಿಟ್ಟು ಬರೀ 'ಐ ಬಾಟ್' ಅಂದು ಚುಕ್ಕಿ ಇಟ್ಟರೆ ಅದು ಒಂಟಿಕಾಲಿನ ಕೊಕ್ಕರೆಯಂತೆ. ಇನ್ನು ಚುಕ್ಕಿಯ ಪಕ್ಕ ಒಂದು ಅಡ್ಡಗೆರೆ ಎಳೆದಿದ್ದರಂತೂ ಮುಗೀತು. "ಇದಕ್ಕೆ ಬಾಲ ಯಾಕಯ್ಯಾ? ಇದೇನು ಕೋಲನ್ನೋ ಕೋತಿನೋ?" ಅಂತ ನಡುರಸ್ತೆಯಲ್ಲೇ ಕೂಗ್ತಾರೆ. ನಮ್ಮ ಸೀಮೆಯ ಬೋರ್ಡುಗಳಲ್ಲಿ ಬಾಲ ಇಲ್ಲದ ಚುಕ್ಕಿ ಹುಡುಕೋದಕ್ಕಿಂತ ಬೇಸಿಗೆಯಲ್ಲಿ ವೇದಾವತಿಯಲ್ಲಿ ನೀರು ಹುಡುಕೋದು ಸಲೀಸು. ಅಂದ ಮೇಲೆ ಇವರ ಜೊತೆ ಬೀದಿಗೆ ಹೋಗೋದು ಎಂಥ ಸುಖ ಅಂತ ನೀವೇ ಯೋಚನೆ ಮಾಡಿ!

ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲಿಗೆ ಒಂದು ಬೆಳಿಗ್ಗೆ ಹೋಗಿದ್ದೆವು. ಗೋಡೆಯ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ 'ಟುಡೇ ಸ್ಪೆಷಲ್ ಆರ್' ಅಂತ ಬರೆದು, ಎರಡು ಚುಕ್ಕಿ, ಅದಕ್ಕೊಂದು ಬಾಲ. ನಾನು ಆಗ ತಾನೇ ವಡೆ ಮುರಿದಿದ್ದೆ. ಇವರು ಎದ್ದರು. ನೀರಿನ ಲೋಟಕ್ಕೆ ಬೆರಳು ಅದ್ದಿದರು. ನೇರ ಹೋಗಿ ಒರೆಸಿದರು ನೋಡಿ, ಬಾಲ ಹೋಯಿತು, ಚುಕ್ಕಿ ಹೋಯಿತು, ಕೆಳಗಿದ್ದ ಇಡ್ಲಿಯೂ ಹೋಯಿತು!

"ಮೇಷ್ಟ್ರೇ, ತಿಂಡಿ ತಿನ್ನೋಕೆ ಬಂದ್ರೋ, ನಮ್ಮ ಇಡ್ಲಿ ಅಳಿಸೋಕೆ ಬಂದ್ರೋ?" ಅಂದ ಹೋಟೆಲಿನವನು.

"ಆರ್ ಅಂದ ಮೇಲೆ ಕೋಲನ್ ಬರಂಗಿಲ್ಲ ಕಣಯ್ಯ."

"ಚುಕ್ಕಿ ಇದ್ರೆ ಇಡ್ಲಿ ಹಳಸ್ತಾವೇನ್ರಿ?"

ಹೋಟೆಲು ಪೂರ್ತಿ ನಕ್ಕಿತು. ನಾನು ಸೆರಗನ್ನು ಮೂಗಿನವರೆಗೂ ಎಳೆದುಕೊಂಡು ಎದ್ದು ಹೊರಗೆ ನಡೆದೆ, ವಡೆ ಬಾಯಲ್ಲೇ ಇತ್ತು. ಈಗ ಆ ಹೋಟೆಲಿನವನು ನನ್ನನ್ನು ಕಂಡರೆ, "ಅಮ್ಮಾ, ನೀವು ಒಳಗೆ ಬರ್ರಿ, ಅವರನ್ನ ಅಲ್ಲೇ ನಿಲ್ಸಿ, ಪಾರ್ಸಲ್ ಕಳಿಸ್ತೀನಿ" ಅಂತಾನೆ. ಕಟ್ಟಿಕೊಂಡ ಗಂಡನನ್ನು ಚಪ್ಪಲಿ ಥರ ಹೊರಗೆ ಬಿಟ್ಟು ಹೋಗಬೇಕು. ಇದಕ್ಕಿಂತ ಮರ್ಯಾದೆ ಬೇಕಾ?

ರೈಲ್ವೆ ಗೇಟಿನ ಹತ್ತಿರ ಒಂದು ಲಾರಿ ನಿಂತಿತ್ತು, ಅನಂತಪುರದ ಕಡೆಯದು, ಶೇಂಗಾ ಮೂಟೆ ಹೇರಿಕೊಂಡು ಬಂದಿತ್ತು. ಅದರ ಬೆನ್ನ ಮೇಲೆ ಏನೋ ಇಂಗ್ಲಿಷು, ಏನೋ ಚುಕ್ಕಿ. ಇವರು ಡ್ರೈವರನನ್ನು "ಇಳಿಯಪ್ಪಾ ಕೆಳಗೆ" ಅಂತ ಕರೆದರು. ಕನ್ನಡಕ, ಇಸ್ತ್ರಿ ಅಂಗಿ, ಕೈಯಲ್ಲಿ ಕೆಂಪು ಪೆನ್ನು. ಪಾಪದ ಡ್ರೈವರು ಇವರನ್ನು ಆರ್‌ಟಿಓ ಸಾಹೇಬರು ಅಂತ ತಿಳಿದ. "ಅನ್ನೀ ಉನ್ನಾಯಿ ಸಾರ್, ಅನ್ನೀ ಉನ್ನಾಯಿ" ಅಂತ ತೆಲುಗಿನಲ್ಲಿ, ಎಲ್ಲಾ ಅವೆ ಅನ್ನುತ್ತಾ, ಇರೋ ಬರೋ ಕಾಗದವನ್ನೆಲ್ಲ ತಂದು ಇವರ ಕೈಗೆ ತುರುಕಿದ. ಇವರು ಏನು ಮಾಡಬೇಕು? ವಾಪಸ್ ಕೊಡಬೇಕು ತಾನೇ? ಇಲ್ಲ! ಒಂದೊಂದೇ ಕಾಗದ ಬಿಡಿಸಿ ಓದಿ, "ಇದರಾಗೂ ಬಾಲ ಐತೆ" ಅಂದರು. ಡ್ರೈವರು ಕೈಮುಗಿದ. ಗೇಟು ತೆರೆಯಿತು, ಹಿಂದಿದ್ದ ಗಾಡಿಗಳೆಲ್ಲ ಹಾರನ್ನು ಬಡಿದವು. ನಾನು ಆ ಕಡೆ ತಿರುಗಿ ಹಳಿಗಳನ್ನು ನೋಡುತ್ತಾ ನಿಂತೆ, ಇವರು ಯಾರೋ ನಾನು ಯಾರೋ ಅನ್ನುವ ಹಾಗೆ.

ಹೋಗಲಿ, ಸಾವಿನ ಮನೆಯಲ್ಲಾದರೂ ಸುಮ್ಮನಿರಬಾರದಾ? ಗೌರಸಮುದ್ರದಲ್ಲಿ ನನ್ನ ದೊಡ್ಡಪ್ಪನ ಮಗ ತೀರಿಕೊಂಡ. ಮನೆ ಮುಂದೆ ಅವನ ಫೋಟೋ ಇರುವ ದೊಡ್ಡ ಫ್ಲೆಕ್ಸು ಕಟ್ಟಿದ್ದರು, ಹುಟ್ಟಿದ್ದು ಸತ್ತಿದ್ದು ಎಲ್ಲಾ ಇಂಗ್ಲಿಷಿನಲ್ಲಿ. ಇವರು ಅದರ ಮುಂದೆ ನಿಂತವರು ಕದಲಲಿಲ್ಲ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮತ್ತೆ ಹಾಕಿಕೊಂಡು ನೋಡಿದರು. "ಭಾವನ ಮೇಲೆ ಎಷ್ಟು ಪ್ರೀತಿ ನೋಡ್ರೇ" ಅಂತ ಹೆಂಗಸರು ಮರುಗಿದರು. ಯಾರೋ ನೀರು ತಂದುಕೊಟ್ಟರು. ಸತ್ತವನ ಮಗ ಬಂದು ಇವರನ್ನು ತಬ್ಬಿಕೊಂಡ. ಇವರು ಅವನ ಬೆನ್ನು ಸವರಿ, "ಹನ್ನೊಂದನೇ ದಿನದ ಒಳಗೆ ಆ ಎರಡು ಬಾಲ ತೆಗೆಸಿಬಿಡಪ್ಪಾ, ಹೋದವರಿಗೆ ಶಾಂತಿ ಸಿಗ್ತದೆ" ಅಂದರು. ನನಗೆ ಸತ್ತವನ ಪಕ್ಕ ಹೋಗಿ ಮಲಗಿಬಿಡೋಣ ಅನ್ನಿಸಿತು.

ಇಷ್ಟು ದಿನ ಹೋಗಿದ್ದು ನನ್ನ ಮಾನ. ಅದೇನು ಹೊಸದಲ್ಲ. ಈ ವರ್ಷ ನಮ್ಮ ಮೊಮ್ಮಗಳ ಮದುವೆಗೇ ಕುತ್ತು ತಂದರು.

ನನ್ನ ಮಗನ ಮಗಳು, ನಮ್ಮ ಮನೆಯಲ್ಲೇ ಇರೋಳು, ಮಾತು ಕಮ್ಮಿ. ಬಂದ ಗಂಡುಗಳನ್ನೆಲ್ಲ ಬೇಡ ಅಂದು, ಕೊನೆಗೆ ಮೊಳಕಾಲ್ಮೂರಿನ ಒಬ್ಬ ಹುಡುಗನಿಗೆ ಹೂಂ ಅಂದಳು. ಅವರ ಮನೆಯಲ್ಲಿ ರೇಷ್ಮೆ ಸೀರೆ ನೇಯುವ ಮಗ್ಗಗಳಿದ್ದವು. ಹುಡುಗನ ಅಪ್ಪ ದೊಡ್ಡ ಮನಸ್ಸಿನ ಮನುಷ್ಯ. ಲಗ್ನಪತ್ರಿಕೆಯ ಒಂದು ಮಗ್ಗುಲು ಕನ್ನಡ, ಒಂದು ಮಗ್ಗುಲು ಇಂಗ್ಲಿಷು. ಇಂಗ್ಲಿಷನ್ನು ಯಾರ ಹತ್ತಿರವೂ ಬರೆಸದೆ ತಾನೇ ಕೂತು ಬರೆದಿದ್ದ.

ನಮ್ಮ ಕಡೆ ಒಂದು ಪದ್ಧತಿ. ಗಂಡಿನ ಕಡೆಯವರು ಮೊದಲನೇ ಪತ್ರಿಕೆಯ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ಮನೆದೇವರ ಮುಂದಿಟ್ಟು, ಆಮೇಲೆ ಹೆಣ್ಣಿನ ಮನೆಗೆ ತಂದುಕೊಡ್ತಾರೆ. ನಾವು ಅದನ್ನು ದೇವರ ಗೂಡಿನಲ್ಲಿ ಇಟ್ಟುಕೊಳ್ಳಬೇಕು. ಮದುವೆ ಮುಗಿಯೋವರೆಗೂ ಅದು ಹೊಸಲು ದಾಟಬಾರದು. ಅದು ವಾಪಸ್ ಹೋಯಿತು ಅಂದರೆ ಸಂಬಂಧವೇ ವಾಪಸ್ ಹೋಯಿತು ಅಂತ. ಹಿಂದೆ ಬಾಯಲ್ಲಿ ಬೇಡ ಅನ್ನೋಕೆ ಆಗದವರು ಹಾಗೇ ಮಾಡ್ತಿದ್ದರು, ಸುಮ್ಮನೆ ಪತ್ರಿಕೆ ಕಳಿಸಿಬಿಡೋರು.

ಇವರು ಏನು ಮಾಡಿದರು ಹೇಳಲಾ? ನಾನು ಹಿತ್ತಲಲ್ಲಿ ಪಾತ್ರೆ ತೊಳೆಯುವಾಗ ದೇವರ ಗೂಡಿಗೆ ಕೈಹಾಕಿ ಪತ್ರಿಕೆ ತೆಗೆದರು. 'ಇನ್ವೈಟ್ ಯು ಟು' ಅಂತ ಬರೆದು ಬೀಗರು ಎರಡು ಚುಕ್ಕಿ ಇಟ್ಟಿದ್ದರಂತೆ, ಬಾಲದ ಸಮೇತ. ಮಾತು ಒಂಟಿಕಾಲಲ್ಲಿ ನಿಂತಿತ್ತಂತೆ. ಕೆಂಪು ಪೆನ್ನಲ್ಲಿ ಸುತ್ತು ಹಾಕಿದರು, ಗೀಟು ಎಳೆದರು, ಅಂಚಿನಲ್ಲಿ ನಿಯಮ ಬರೆದರು. ಕವರಿಗೆ ಹಾಕಿ ಮೊಳಕಾಲ್ಮೂರು ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟು ಕಳಿಸಿದರು. ಇಷ್ಟೇ ಆಗಿದ್ದರೆ ಆಗಿತ್ತು. ಪತ್ರಿಕೆಯ ಕೆಳಗೆ, ದಂಪತಿಗಳಿಗೆ ಆಶೀರ್ವಾದ ಮಾಡಬೇಕು ಅಂತ ಇರ್ತದಲ್ಲ, ಅದರ ಪಕ್ಕ, ಹತ್ತಕ್ಕೆ ನಾಲ್ಕು ಅಂತ ಮಾರ್ಕ್ಸೂ ಹಾಕಿದ್ದರು!

ಮಾರನೇ ದಿನ ಬೀಗರ ಫೋನು ಬಂತು. "ಹುಡುಗಿ ಕೊಡಾಕೆ ಇಷ್ಟ ಇಲ್ಲ ಅಂದ್ರೆ ಬಾಯಲ್ಲಿ ಹೇಳ್ಬೇಕಿತ್ತಮ್ಮಾ. ಇಂಗೆ ಉಗಿದು ಕಳಿಸೋದಾ?"

ನಾನು ದೇವರ ಗೂಡು ನೋಡಿದೆ. ಖಾಲಿ.

"ಏನ್ರೀ, ಪತ್ರಿಕೆ ಎಲ್ಲಿ?"

"ತಿದ್ದಿ ಕಳಿಸಿದೀನಿ. ಮಿಕ್ಕಿದ್ದು ಪ್ರಿಂಟ್ ಆಗೋದ್ರೊಳಗೆ ಸರಿ ಮಾಡ್ಕಳ್ಳಿ ಅಂತ."

"ಅರಿಶಿನ ಹಚ್ಚಿದ್ದು ಕಾಣಲಿಲ್ವಾ?"

"ಕಾಣ್ತು. ಆದ್ರೆ ತಿದ್ದಿದ ಪೇಪರು ವಾಪಸ್ ಕೊಡದ ಮೇಷ್ಟ್ರು ಎಲ್ಲಾದ್ರೂ ಇದಾನೇನೇ?"

ನಾನು ಅಂದಿದ್ದನ್ನೆಲ್ಲ ಇಲ್ಲಿ ಹೇಳೋಕಾಗೋದಿಲ್ಲ. ಮೊಮ್ಮಗಳು ಅಲ್ಲೇ ಕೂತು ಶೇಂಗಾ ಸುಲಿಯುತ್ತಿದ್ದಳು. ಅಳಲಿಲ್ಲ. ಕೈ ನಿಲ್ಲಿಸದೆ ಹೇಳಿದಳು: "ಅಜ್ಜಾ, ನನಗೆ ಆ ಹುಡುಗನೇ ಬೇಕು."

ಅಷ್ಟೇ ಮಾತು. ಇವರ ಮುಖ ಆಗ ಇಳಿಯಿತು.

ನನ್ನ ಮಗ ನಾನು ಬರೋದಿಲ್ಲ, ನಿಮ್ಮ ಚುಕ್ಕಿ ನೀವೇ ತೊಳ್ಕಳ್ರಿ ಅಂದ. ನಾವಿಬ್ಬರೇ ಬಸ್ಸು ಹತ್ತಿದೆವು. ತಳುಕು ದಾಟೋವರೆಗೂ ಬೈದೆ. ಇವರು ಕಿಟಕಿ ಕಡೆ ಮುಖ ಮಾಡಿ ತುಟಿ ಅಲ್ಲಾಡಿಸುತ್ತಿದ್ದರು.

"ಮಂತ್ರ ಏನಾದ್ರೂ ಹೇಳ್ತಿದೀರಾ?"

"ಇಲ್ಲ. ನಿಯಮಾನ ಸುಲಭವಾಗಿ ಎಂಗೆ ವಿವರಿಸ್ಬೇಕು ಅಂತ."

"ವಿವರಿಸ್ರಿ ನೋಡಾಣ! ಇಲ್ಲೇ ಬಿ.ಜಿ. ಕೆರೆಯಾಗೆ ಇಳಿದು ಕೊಂಡ್ಲಹಳ್ಳಿಗೆ ತವರಿಗೆ ಹೋಗ್ಬಿಡ್ತೀನಿ!"

"ತವರಲ್ಲಿ ಯಾರವ್ರೆ ಈಗ?"

ಯಾರೂ ಇರಲಿಲ್ಲ. ಒಂದು ಹುಣಸೆಮರ ಇತ್ತು, ಅದನ್ನೂ ಕಡಿದರಂತೆ. ಕಂಡಕ್ಟರು ನಮ್ಮಿಬ್ಬರನ್ನು ನೋಡಿ, "ಅಜ್ಜೀ, ಇಳೀತೀರೋ ಇಲ್ಲೋ, ಬೇಗ ಹೇಳ್ರಿ" ಅಂದ. ಬಸ್ಸೆಲ್ಲ ನಕ್ಕಿತು. ಮಾನ ಅಂತ ಇನ್ನೇನು ಉಳಿದಿತ್ತು ಹೋಗೋಕೆ!

ಬೀಗರ ಮನೆಯಲ್ಲಿ ನಾವು ಒಳಗೆ ಕಾಲಿಟ್ಟ ಕೂಡಲೇ ಮಗ್ಗಗಳೆಲ್ಲ ನಿಂತವು. ಕೂತುಕೊಳ್ಳಿ ಅಂತ ಯಾರೂ ಅನ್ನಲಿಲ್ಲ. ಬೀಗರ ತಾಯಿ, ನನಗಿಂತ ಮುದುಕಿ, ಗೋಡೆಗೆ ಒರಗಿ ಕೂತಿದ್ದವಳು, "ಏಮಮ್ಮಾ, ಪಸುಪು, ಅರಿಶಿನ ಹಚ್ಚಿದ್ದು ಎಲ್ಲಾದ್ರೂ ವಾಪಸ್ ಕಳಿಸ್ತಾರಾ? ನಿಮ್ಮ ಮನೇಲಿ ದೊಡ್ಡೋರು ಯಾರೂ ಇಲ್ವಾ?" ಅಂದಳು. ನಾನೇ ದೊಡ್ಡೋಳು.

ಬೀಗರು ಪತ್ರಿಕೆ ತಂದು ಬೆಂಚಿನ ಮೇಲೆ ಬಡಿದರು. ಅರಿಶಿನದ ಮೇಲೆ ಕೆಂಪು ಶಾಯಿ ಹರಡಿತ್ತು.

"ಹತ್ತಕ್ಕೆ ನಾಲ್ಕು! ನಾನು ಎಸ್ಸೆಸ್ಸೆಲ್ಸಿಯಾಗೆ ಇಂಗ್ಲಿಷಲ್ಲೇ ಫೇಲಾದೋನು ಮೇಷ್ಟ್ರೇ. ಅದಕ್ಕೇ ಮಗ್ಗಕ್ಕೆ ಕೂತೆ. ಮಗನ ಮದುವೆ ಪತ್ರಿಕೆ ಅಂತ ಡಿಕ್ಷನರಿ ಇಟ್ಕಂಡು ಬರೆದೆ. ನಮ್ಮ ಮಗ್ಗದೋರಿಗೆಲ್ಲ ಓದಿ ಹೇಳಿದ್ದೆ. ಅವರ ಕಣ್ಣೆದುರಿಗೇ ಕವರ್ ಒಡೆದೆ ನಾನು. ಮತ್ತೆ ಫೇಲ್ ಮಾಡಿದ್ರಲ್ಲ!"

ಕೋಪದಲ್ಲಿ ಶುರು ಮಾಡಿದ ಮನುಷ್ಯ ಕೊನೆಗೆ ಮಗ್ಗದವರ ಕಡೆ ಬೆನ್ನು ತಿರುಗಿಸಿ ನಿಂತ. ಆ ಹುಡುಗ, ನಮ್ಮ ಮೊಮ್ಮಗಳಿಗೆ ಬೇಕಾದವನು, ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದ.

ಇವರು ಪತ್ರಿಕೆ ಕೈಗೆತ್ತಿಕೊಂಡರು. ಕನ್ನಡಕ ಹಾಕಿಕೊಂಡರು. ನಾನು ಮಾರಮ್ಮನಿಗೆ ಹರಕೆ ಹೊತ್ತೆ: ತಾಯಿ, ಇವರ ಬಾಯಿಗೆ ಬೀಗ ಹಾಕು. ಬಹಳ ಹೊತ್ತು ನೋಡಿದರು.

"ಸರಿಯಾಗೇ ಐತೆ ಬೀಗರೇ," ಅಂದರು.

"ಏನು?"

"ಚುಕ್ಕಿ ಸರಿಯಾಗೇ ಐತೆ. ನನ್ನ ಕಣ್ಣಿಗೆ ಪೊರೆ ಬಂದೈತೆ. ಏನೋ ಕಾಣ್ತದೆ, ಏನೋ ಬರೀತೀನಿ. ತಪ್ಪು ನಂದು."

ನನಗೆ ಇಂಗ್ಲಿಷ್ ಓದೋಕೆ ಬರೋದಿಲ್ಲ, ಗಂಡನನ್ನು ಓದೋಕೆ ಬರ್ತದೆ. ಇವರ ಕಣ್ಣಿಗೆ ಪೊರೆಯೂ ಇಲ್ಲ, ಮಣ್ಣೂ ಇಲ್ಲ. ಕಿವಿ ಎರಡೂ ಕೆಂಪಗೆ ಕೆಂಡ ಆಗಿದ್ದವು. ಜೇಬಿನಿಂದ ಪೆನ್ನು ತೆಗೆದು ನಾಲ್ಕನ್ನು ಹೊಡೆದುಹಾಕಿ ಹತ್ತು ಅಂತ ಬರೆದರು. ಸ್ವಂತ ಮಗನಿಗೂ ಹತ್ತಕ್ಕೆ ಹತ್ತು ಕೊಟ್ಟವರಲ್ಲ ಈ ಮನುಷ್ಯ. ಆ 'ಹತ್ತು' ಬರೆಯುವಾಗ ಸೊನ್ನೆ ಕುಂಬಳಕಾಯಿ ಥರ ಆಯಿತು.

ಬೀಗರು ಅದನ್ನು ನೋಡಿದರು. ಮುಖ ಅರಳಿತು. "ಲೇ, ನೋಡ್ರಲೇ, ಹತ್ತಕ್ಕೆ ಹತ್ತು!" ಅಂತ ಮಗ್ಗದವರಿಗೆ ಎತ್ತಿ ತೋರಿಸಿದರು. ಮುದುಕಿ ತಾನೇ ಎದ್ದು ಪತ್ರಿಕೆಗೆ ಮತ್ತೆ ಅರಿಶಿನ ಹಚ್ಚಿ ನನ್ನ ಮಡಿಲಿಗೆ ಹಾಕಿದಳು. ಕುರ್ಚಿ ಬಂತು, ಚಕ್ಕುಲಿ ಬಂತು, ಕಾಫಿ ಬಂತು.

"ಅಂತೂ ಮೇಷ್ಟ್ರೇ ಫೇಲಾದ್ರು ಬಿಡ್ರಿ!" ಅಂತ ಒಬ್ಬ ಅಂದ.

"ವಯಸ್ಸಾಯ್ತಲ್ಲ, ಪೆನ್ನು ಕಸ್ಕಳ್ರೀ ಅಮ್ಮಾ ಅವರತ್ರ," ಅಂತ ಇನ್ನೊಬ್ಬ.

ಮನೆಯೆಲ್ಲ ನಕ್ಕಿತು. ಇವರೂ ನಕ್ಕರು. ಇವರಿಗೆ ಸುಳ್ಳು ನಗು ನಗೋಕೆ ಬರ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಇಂಥ ನಗು ಎದ್ದಾಗೆಲ್ಲ ದೂರ ಹೋಗಿ ನಿಲ್ಲೋಳು ನಾನು. ಅವತ್ತು ಕಾಲು ಏಳಲಿಲ್ಲ. ನಗುವವರನ್ನೆಲ್ಲ ಹಿಡಿದು, "ಲೇ, ಅವರು ಹೇಳಿದ್ದು ಸರಿ ಇತ್ತು ಕಣ್ರೋ" ಅಂತ ಕಿರುಚಬೇಕು ಅನ್ನಿಸಿತು. ಕಿರುಚೋ ಹಾಗಿರಲಿಲ್ಲ, ಮೊಮ್ಮಗಳು ಊರಲ್ಲಿ ಫೋನು ಹಿಡಿದು ಕೂತಿದ್ದಳು.

ಇವರು ನಗುತ್ತಾ ನಗುತ್ತಾ ಕೈಯ ಲೋಟ ಓರೆ ಮಾಡಿದರು. ಕಾಫಿ ತುಳುಕಿ ಇಸ್ತ್ರಿ ಅಂಗಿಯ ಎದೆಯ ಮೇಲೆಲ್ಲ ಚೆಲ್ಲಿತು. ಇವರಿಗೆ ಅದೂ ಗೊತ್ತಾಗಲಿಲ್ಲ. ನಾನು ಕುರ್ಚಿ ಪಕ್ಕಕ್ಕೆ ಹೋಗಿ, ಸೆರಗು ತೆಗೆದುಕೊಂಡು, ಬೀಗರ ಎದುರಿಗೇ ಇವರ ಎದೆ ಒರೆಸಿದೆ. ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು. "ಅಬ್ಬಾ, ಈ ವಯಸ್ಸಿನಾಗೆ!" ಅಂತ ಮುದುಕಿ ಅಂದಳು.

ಕಲೆ ಹೋಗಿತ್ತು. ನಾನು ಇನ್ನೊಂದು ಸಲ ಒರೆಸಿದೆ.