ನಿಷ್ಣಾತರಿಗೆ ಎರಡು ಅಂಕ

ಪಾಠ ಮಾಡುವವರಿಗೆ ಫಜೀತಿಗಳು ತಪ್ಪಿದ್ದಲ್ಲ. ಆದರೆ ಒಂದೇ ಪದದಿಂದ ಮೂರು ಊರಿನಲ್ಲಿ ಫಜೀತಿಪಟ್ಟವಳು ನಾನೊಬ್ಬಳೇ ಇರಬೇಕು. ಆ ಪದ ‘ನಿಷ್ಣಾತ’. ಒಂದು ಕೆಲಸದಲ್ಲಿ ಪೂರಾ ಪಳಗಿದವರಿಗೆ ಹೇಳುವ ಮಾತು. ಸ್ವಂತ ವಾಕ್ಯದಲ್ಲಿ ಬಳಸಿರಿ ಎಂದರೆ ಇಡೀ ತರಗತಿ ಗೈಡು ನೋಡಿ, ಬಿಲ್ಲುವಿದ್ಯೆಯಲ್ಲಿ ನಿಷ್ಣಾತನಾದ ಅದೇ ರಾಜಕುಮಾರನನ್ನು ಬರೆದುಕೊಂಡು ಬರುತ್ತಿತ್ತು. ನಲವತ್ತು ನೋಟ್‌ಬುಕ್ಕಿನಲ್ಲಿ ನಲವತ್ತು ಸಲ ಅವನ ಬಿಲ್ಲು ನೋಡಿ ರೋಸಿಹೋಗಿ ನಿಯಮ ಮಾಡಿದೆ: ಕಣ್ಣಾರೆ ಕಂಡವರ ಬಗ್ಗೆಯೇ ಬರೆಯಬೇಕು, ಸರಿಯಿದ್ದರೆ ಎರಡು ಅಂಕ.

ಈ ನಿಯಮದಿಂದ ಮಾನ್ವಿಯಲ್ಲಿ ಒಬ್ಬ ಮುದುಕನ ನಲವತ್ತು ವರ್ಷದ ಕೆಲಸಕ್ಕೇ ಕುತ್ತು ಬಂತು. ಅದನ್ನು ಹೇಳಬೇಕೆಂದೇ ಕೂತಿದ್ದೇನೆ. ಆದರೆ ತಪ್ಪು ಒಪ್ಪಿಕೊಳ್ಳುವುದಕ್ಕೆ ಸ್ವಲ್ಪ ಧೈರ್ಯ ಬೇಕು, ಅದಕ್ಕೇ ಮೊದಲು ಉಳಿದ ಎರಡು ಊರು.

೧. ಮೂರನೇ ಕಿಟಕಿ

ರಾಯಚೂರಿನಿಂದ ದಿನಾ ದೇವದುರ್ಗಕ್ಕೆ ಬಸ್ಸಿನಲ್ಲಿ ಓಡಾಡುತ್ತಿದ್ದ ದಿನಗಳು. ಒಬ್ಬ ಹುಡುಗಿ ಬರೆದಳು: ‘ನಮ್ಮವ್ವ ಬಸ್ಸಿನಲ್ಲಿ ಸೀಟು ಹಿಡಿಯುವುದರಲ್ಲಿ ನಿಷ್ಣಾತಳು.’ ಎರಡು ಅಂಕ ಹಾಕಿದೆ.

ಮರುದಿನ ಸಂಜೆ ಬಸ್‌ಸ್ಟ್ಯಾಂಡಿಗೆ ಆ ತಾಯಿ ನನ್ನನ್ನು ಹುಡುಕಿಕೊಂಡು ಬಂದಳು. ಆ ಪದ ಬೈಗುಳವೋ ಹೊಗಳಿಕೆಯೋ, ಅದನ್ನು ತಿಳಿದುಕೊಂಡೇ ಮನೆಗೆ ಹೋಗುವವಳಿದ್ದಳು. ಹೊಗಳಿಕೆ ಎಂದೆ. ಅಷ್ಟರಲ್ಲಿ ರಾಯಚೂರು ಬಸ್ಸು ಬಂತು. ಜನ ಮುಗಿಬಿದ್ದು ಕಿಟಕಿಯಿಂದ ಟವೆಲ್ಲು, ಕರ್ಚೀಫು ಎಸೆಯತೊಡಗಿದರು. ಅವಳ ಕೈಯಲ್ಲಿ ಏನೂ ಇರಲಿಲ್ಲ. ನನ್ನ ಕಂಕುಳಲ್ಲಿದ್ದ ಉತ್ತರಪತ್ರಿಕೆಗಳ ಕಟ್ಟು ಕಿತ್ತುಕೊಂಡು ಮೂರನೇ ಕಿಟಕಿಯಿಂದ ಒಳಗೆ ಒಗೆದೇಬಿಟ್ಟಳು.

ನುಗ್ಗಿ ಹತ್ತಿ ನೋಡಿದರೆ ಕಟ್ಟು ಸೀಟಿನ ಮೇಲೆ ಆರಾಮಾಗಿ ಕೂತಿದೆ. ಪಕ್ಕದಲ್ಲಿದ್ದವರೊಬ್ಬರು ಕಾಲು ತಾಗಿತೆಂದು ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಾರೆ. ಅವಳು ಹೊರಗಿನಿಂದ ಕಿಟಕಿಗೆ ಮುಖ ತಂದು ಹೇಳಿದಳು, “ಟವೆಲ್ ಒಗದ್ರ ಎತ್ತಿ ಆಕಡೆ ಹಾಕ್ತಾರ್ರೀ ಟೀಚರ್. ಸರಸ್ವತಿ ಒಗದ್ರ ಯಾರೂ ಕುಂದ್ರಂಗಿಲ್ಲ.”

೨. ಖಾಲಿ ಪುಟ

ಮುಂದೆ ರಾಯಚೂರು ಪಟ್ಟಣದ ಶಾಲೆಗೇ ವರ್ಗವಾಯಿತು. ಅಲ್ಲಿ ಒಬ್ಬ ಹುಡುಗ ಖಾಲಿ ಪುಟ ತಂದ. ಅವನು ಎಂದೂ ಹೋಮ್‌ವರ್ಕ್ ಬಿಟ್ಟವನಲ್ಲ. ಯಾಕೆ ಎಂದು ಕೇಳಿದರೆ ತಲೆ ತಗ್ಗಿಸಿ ಅಂದ, “ನಮ್ಮಪ್ಪ ತನ್ನ ಬಗ್ಗೆ ಬರಿ ಅಂದನ್ರಿ. ನಮ್ಮವ್ವ ಸುಳ್ಳು ಬರೀಬ್ಯಾಡ ಅಂದ್ಲು.”

ಆ ಮನೆಯ ಶಾಂತಿ ಕೆಡಿಸಿದ್ದಕ್ಕೆ ನನಗೇ ಕೆಡುಕೆನಿಸಿತು. ಇಬ್ಬರನ್ನೂ ಒಟ್ಟಿಗೆ ಕೂರಿಸಿಕೊಂಡು ಒಂದು ವಾಕ್ಯಕ್ಕೆ ಒಪ್ಪಿಸಿಕೊಂಡು ಬಾ, ಕೆಳಗೆ ಮನೆಯವರ ಸಹಿ ಇರಲಿ ಎಂದು ಕಳಿಸಿದೆ. ಮರುದಿನ ತಂದ ವಾಕ್ಯ: ‘ನಮ್ಮವ್ವ ನಮ್ಮಪ್ಪನ ಬಾಯಿ ಮುಚ್ಚಿಸುವುದರಲ್ಲಿ ನಿಷ್ಣಾತಳು.’ ಕೆಳಗೆ ಅಪ್ಪನ ಸಹಿ ಇತ್ತು.

೩. ತಾತನ ಹಲ್ಲು

ಇನ್ನು ಮಾನ್ವಿ. ಅಲ್ಲಿಯ ಒಂದು ಅಕ್ಕಿ ಗಿರಣಿಯಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳ ತಾತ ಕೆಲಸಕ್ಕಿದ್ದ. ಟ್ರ್ಯಾಕ್ಟರಿನಲ್ಲಿ ಭತ್ತ ಬಂದರೆ ಚೀಲಕ್ಕೆ ಕೈ ಹಾಕಿ ಹಿಡಿ ಕಾಳು ತೆಗೆದು, ನಾಲ್ಕು ಕಾಳು ಬಾಯಿಗೆ ಹಾಕಿ ಕಟುಂ ಎಂದು ಕಡಿದು, ತೇವ ಎಷ್ಟಿದೆ ಎಂದು ಹೇಳುವುದು ಅವನ ಕೆಲಸ. ಅವನ ಮಾತಿನ ಮೇಲೆಯೇ ದರ ಕಟ್ಟುತ್ತಿದ್ದರು. ರೈತರೂ ಸಾವ್ಕಾರರೂ ಅವನು ಹೇಳಿದ್ದಕ್ಕೆ ಎದುರಾಡುತ್ತಿರಲಿಲ್ಲ. ಮೊಮ್ಮಗಳ ಓದಿಗೆ ಅವನ ದುಡಿಮೆಯೇ ಆಧಾರ.

ಅವಳು ಬರೆದಳು: ‘ನಮ್ಮ ತಾತ ಹಲ್ಲಿನ ಸೆಟ್ಟು ಹಾಕಿಕೊಂಡೂ ಭತ್ತ ಕಡಿದು ತೇವ ಹೇಳುವುದರಲ್ಲಿ ನಿಷ್ಣಾತರು.’ ನನಗೆ ಎಷ್ಟು ಖುಷಿಯಾಯಿತೆಂದರೆ, ದಪ್ಪ ಅಕ್ಷರದಲ್ಲಿ ಬರೆಸಿ ಪಾಲಕರ ಸಭೆಯ ದಿನ ಗೋಡೆಗೆ ಹಚ್ಚಿದೆ. ಸಭೆಗೆ ಬಂದ ಮುಖ್ಯ ಅತಿಥಿ ಅದೇ ಗಿರಣಿಯ ಸಾವ್ಕಾರರು. ಗೋಡೆಯ ಮುಂದೆ ನಿಂತು ಎರಡು ಸಲ ಓದಿದರು. ಮುದುಕನ ಹಲ್ಲೆಲ್ಲ ಬಿದ್ದು ಎರಡು ವರ್ಷವಾದದ್ದು ಅವರಿಗೆ ಗೊತ್ತೇ ಇರಲಿಲ್ಲ. ಅವನು ಮುಚ್ಚಿಟ್ಟಿದ್ದ, ನಾನು ಗೋಡೆಗೆ ಹಚ್ಚಿದ್ದೆ.

“ಎರಡು ವರ್ಷದಿಂದ ಕಟ್ಟಿಸಿದ ಹಲ್ಲಿಂದ ನನ್ನ ಭತ್ತ ಕಡಿಯಾಕತ್ತಾನೇನು?” ಎಂದರು ಸಾವ್ಕಾರರು. ನಾಳೆಯೇ ತೇವ ಅಳೆಯುವ ಮಷೀನು ತರಿಸುತ್ತೇನೆ, ಅವನ ಲೆಕ್ಕ ತಪ್ಪಿದರೆ ಮನೆಯಲ್ಲಿ ಕೂರಲಿ ಎಂದು ಹೇಳಿ ಚಹಾ ಕುಡಿಯದೆ ಹೊರಟರು. ಹುಡುಗಿ ಬಂದು ನನ್ನ ವಾಕ್ಯ ತಪ್ಪಾತೇನ್ರಿ ಎಂದು ಕೇಳಿದಳು. ನನಗೆ ಅಳುವೇ ಬಂತು.

ಮರುದಿನ ಅರ್ಧ ದಿನ ರಜೆ ಹಾಕಿ ಅವಳ ಜೊತೆ ಗಿರಣಿಗೆ ಹೋದೆ. ಸಾವ್ಕಾರರು ಮಷೀನು ಮುಂದಿಟ್ಟುಕೊಂಡು, ಸೆಟ್ಟು ತೆಗೆದಿಟ್ಟು ಹೇಳು ಎಂದು ಹಟ ಹಿಡಿದರು. ಮುದುಕ ಹಲ್ಲು ತೆಗೆದು ವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡ. ಕೆನ್ನೆ ಒಳಗೆ ಹೋಗಿ ಒಮ್ಮೆಲೇ ಹತ್ತು ವರ್ಷ ಹೆಚ್ಚು ಕಂಡ. ಒಂದೊಂದೇ ಚೀಲಕ್ಕೆ ಮೊಣಕೈವರೆಗೆ ಕೈ ಹಾಕಿ, ಬೆರಳಲ್ಲಿ ಕಾಳು ಉಜ್ಜಿ ತೇವ ಹೇಳುತ್ತ ಹೋದ. ಐದು ಚೀಲಕ್ಕೂ ಅವನು ಹೇಳಿದ್ದು, ಮಷೀನು ತೋರಿಸಿದ್ದು ಒಂದೇ.

ಸಾವ್ಕಾರರು ಕಣ್ಣು ಕಣ್ಣು ಬಿಟ್ಟರು. ಮುದುಕ ತೊದಲುತ್ತ ಅಂದ, “ಹಲ್ಲಿದ್ದಾಗೂ ನಾ ಹಲ್ಲಿಂದ ಹೇಳ್ತಿದ್ದಿಲ್ಲರಿ ಸಾವ್ಕಾರ್ರ. ಚೀಲದಾಗ ಕೈ ಇಟ್ಟ ಕೂಡ್ಲೆ ತಿಳೀತದ. ಬರೇ ಕೈ ಇಟ್ಟು ಹೇಳಿದ್ರ ಮಂದಿ ನಂಬಂಗಿಲ್ಲ, ಅದಕ್ಕ ನಾಕು ಕಾಳು ಕಡೀತಿದ್ದೆ.”

ಸಾವ್ಕಾರರು, ಇಷ್ಟು ವರ್ಷ ಕಾಳು ಕಡಿದದ್ದು ಸಾಕು, ಇನ್ನು ಮುಂದೆ ಕೈ ಇಟ್ಟೇ ಹೇಳು, ಮಷೀನೂ ಇರಲಿ ಎಂದು ತೀರ್ಪು ಕೊಟ್ಟರು.

ಅಷ್ಟರಲ್ಲಿ ನೀರಮಾನ್ವಿಯ ರೈತರೊಬ್ಬರ ಟ್ರ್ಯಾಕ್ಟರು ಬಂದು ನಿಂತಿತು. ಸಾವ್ಕಾರರು ಹೊಸ ಮಷೀನಿನಲ್ಲಿ ಅಳೆದು ತೇವ ಹೆಚ್ಚಿದೆ, ದರ ಕಡಿಮೆ ಎಂದರು. ರೈತ ಚೀಲದ ಮೇಲಿಂದ ಏಳಲೇ ಇಲ್ಲ.

“ಮಷೀನೂ ನಿಮ್ದು, ತೂಕದ ಕಾಟಾನೂ ನಿಮ್ದು. ತಾತ ಕಡದು ಹೇಳ್ಲಿ, ಆಮ್ಯಾಲ ಇಳಸ್ತೀನಿ.”

ಅವರ ಹಿಂದೆ ಇನ್ನೂ ಮೂರು ಟ್ರ್ಯಾಕ್ಟರು ನಿಂತಿದ್ದವು. ಸಾವ್ಕಾರರು ಅವನ್ನು ನೋಡಿದರು, ಮಷೀನು ನೋಡಿದರು. ಕೊನೆಗೆ ಮುದುಕನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಅಂದರು, “ಯಪ್ಪಾ, ಲಗೂನ ಹಲ್ಲು ಹಾಕ್ಕೋ. ಮಂದಿ ಕಾಯಾಕತ್ತಾರ.”