ಸಾಲೆಯ ಬಾಗಿಲಲ್ಲಿ ಆದಿ ಸಮುದ್ರ

ಸೋಮವಾರ ಇನ್ಸ್‌ಪೆಕ್ಟರರು ದೋರನಹಳ್ಳಿ ಸಾಲೆಗೆ ಬಂದು ನನ್ನ ಪಾಠ ನೋಡುವವರಿದ್ದರು. ಮೆಚ್ಚಿದರೆ ನೌಕರಿ ಕಾಯಂ. ಮೆಚ್ಚದಿರುವ ಸಂಭವವೇ ಇಲ್ಲವೆಂದು ಶುಕ್ರವಾರವೇ ದಿನಚರಿಯಲ್ಲಿ ಬರೆದಿಟ್ಟೆ.

ಪಾಠ: ಕೋಟಿ ಕೋಟಿ ವರ್ಷಗಳ ಹಿಂದೆ ನಮ್ಮ ಭೀಮೆಯ ಸೀಮೆ ಸಮುದ್ರದ ತಳವಾಗಿದ್ದದ್ದು. ಆಗ ಗಿಡವಿಲ್ಲ, ಹುಲ್ಲಿಲ್ಲ, ಕುರಿಯಿಲ್ಲ. ಇದ್ದದ್ದು ಪಾಚಿಯಂಥ ಜೀವ ಮಾತ್ರ. ನಾನು ಇದನ್ನೆಲ್ಲ ಓದಿದ್ದು ನಿಜಾಮರ ಕಾಲದ ಉರ್ದುವಿನಲ್ಲಿ. ಈಗ ಕನ್ನಡದಲ್ಲಿ ಕಲಿಸಬೇಕು. ಪುಸ್ತಕ ಇನ್ನೂ ಬಂದಿಲ್ಲ, ಶಬ್ದ ನನಗೂ ಗೊತ್ತಿಲ್ಲ. ಆದ್ದರಿಂದ ತೋರಿಸಿಯೇ ಬಿಡಲು ನಿಶ್ಚಯಿಸಿದೆ.

ಅಕ್ಕ-ಮಾಮನ ಮನೆಯ ಬಚ್ಚಲ ಕಲ್ಲಿನ ಮೇಲೆ ಪಾಚಿ ಸಮೃದ್ಧವಾಗಿತ್ತು.

"ಅಕ್ಕಾ, ಅದನ್ನ ತಿಕ್ಕಬ್ಯಾಡ. ಇನ್ನೂ ಬೆಳೀಲಿ."

"ಯಾಕೋ, ಮದುವಿಗಿ ಬಂದದೇನು?"

"ಭೂಮಿ ಮ್ಯಾಲಿನ ಮೊದಲನೇ ಜೀವ ಅದು."

"ನಿಮ್ಮ ಮಾಮ ಜಾರಿ ಬಿದ್ರ, ಅವರು ನೋಡೋ ಕಡೀ ಜೀವಾನೂ ಅದೇ ಆಗ್ತದ. ಒಯ್ಯಿ ಅತ್ತಾಗ."

ಸೋಮವಾರ ಮುಂಜಾನೆ ಆ ಕಲ್ಲನ್ನೇ ಕಿತ್ತು ಹೊತ್ತು ತಂದ ಇಬ್ಬರು ಕೂಲಿಗಳು ಸಾಲೆಯ ಬಾಗಿಲಲ್ಲೇ ಇಳಿಸಿದರು. "ನಿಮ್ಮ ಸಮುದ್ರ ಇಲ್ಲೇ ಇರ್ಲಿರಿ ಮಾಸ್ತರ, ನಮ್ಮ ನಡಾ ಹೋತು," ಎಂದು ಹೊರಟೇಬಿಟ್ಟರು. ಬಿಸಿಲಿಗೆ ಜೀವ ಒಣಗಬಾರದೆಂದು ನಾನು ಕೊಡಗಟ್ಟಲೆ ನೀರು ಸುರಿದೆ. ಬಾಗಿಲ ತುಂಬ ಸಮುದ್ರವಾಯಿತು.

ಮೊದಲು ಬಿದ್ದವರು ಹಿರಿಯ ಮಾಸ್ತರರು.

"ತಗೀರಿ ಇದನ್ನ!"

"ತಗದ್ರ ಸಾಯ್ತದರಿ."

"ನಾವು ಸತ್ರ ನಡೀತದೇನ್ರಿ?"

ದಿನಚರಿಯಲ್ಲಿ ಬಿದ್ದವರ ಕಾಲಂ ತೆರೆದೆ. ಅಷ್ಟರಲ್ಲಿ ಇನ್ಸ್‌ಪೆಕ್ಟರರ ಬೂಟಿನ ಸಪ್ಪಳ ಕೇಳಿತು.

"ಬರ್ರಿ ಸಾಹೇಬ್ರ, ಜರಾ ನೋಡಿ..." ಎನ್ನುವಷ್ಟರಲ್ಲಿ ಅವರು ಅಂಗಾತ ಮಲಗಿದ್ದರು, ಟೊಪ್ಪಿಗೆ ತೇಲುತ್ತಿತ್ತು. ಎತ್ತಬೇಕಾದ ನಾನು, ಗಾಬರಿಗೆ, ಬಾಯಿಪಾಠ ಮಾಡಿದ್ದ ಪಾಠವನ್ನೇ ಶುರುಮಾಡಿದೆ: "ಮಕ್ಕಳೇ, ಈಗ ಸಾಹೇಬರು ಇರುವುದು ಆದಿ ಸಮುದ್ರದ ತಳದಲ್ಲಿ."

ಇನ್ಸ್‌ಪೆಕ್ಟರರು ಮಲಗಿದಲ್ಲಿಂದಲೇ ಶಾಂತವಾಗಿ ಕೇಳಿದರು: "ಆ ಕಾಲದಾಗ ಮಾಸ್ತರು ಇದ್ರೇನ್ರಿ?"

"ಇಲ್ರಿ ಸಾಹೇಬ್ರ."

"ಭಾಳ ಛಲೋ ಕಾಲ."

ಮುಂದಿನ ತಿಂಗಳು ಹುಕುಂ ಬಂತು: ನಾನು ಇನ್ನೂ ಒಂದು ವರ್ಷ ಹಂಗಾಮಿ. ಕಲ್ಲನ್ನು ಯಾರೂ ಎತ್ತಲಿಲ್ಲ, ಮಳೆಗಾಲವೂ ಬಂತು. ಪಾಚಿ ಮಾತ್ರ ಸಾಲೆಯಲ್ಲಿ ಕಾಯಂ ಆಯಿತು.